ಸೆರೆಂಗೆಟಿಯ ಸಂಚಾರಿ ಬಿಡಾರಗಳು

ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದ ಸ್ಥಳವನ್ನು ನಾವು ಸೇರುವ ವೇಳೆಗೆ ಹಗಲು ಹನ್ನೊಂದು ಗಂಟೆಯಾಗಿದ್ದಿತು. ಅಲ್ಲಿ ಹತ್ತು ಡೇರೆಗಳೂ ಒಂದು ಭೋಜನಶಾಲೆಯೂ ಇರಬೇಕಾಗಿದ್ದಿತು. ಕಂಡದ್ದು, ಕೊಡೆ ಬಿಚ್ಚಿದಂತೆ ಹರಡಿಕೊಂಡ ಜಾಲಿಯ ಮರವೊಂದು. ಅದರ ಚಿಗುರನ್ನು ಸಾವಧಾನವಾಗಿ ಮೆಲ್ಲುತ್ತಿದ್ದ ಎರಡು ಜಿರಾಫೆಗಳು. ಸುತ್ತಲೂ ಮೊಣಕಾಲೆತ್ತರದ ಹುಲ್ಲು. ಒಂದು ಗೂಟವಿಲ್ಲ, ಒಂದು ತಗಡಿನ ಚೂರಿಲ್ಲ, ಒಲೆಯ ಮಸಿಯ ಗುರುತು ಕೂಡ ಇಲ್ಲ. ನಮ್ಮ ಗಾಡಿಯ ಸಾರಥಿಗಳು ಇಳಿದು ಹೋಗಿ, ಹುಲ್ಲು ಚೌಕವಾಗಿ ಒತ್ತಿಕೊಂಡು ಬಿಳಿಚಿಹೋಗಿದ್ದ ಒಂದು ಜಾಗವನ್ನು ತೋರಿಸಿ, "ಕಾಂಬಿ ಇಮೆಹಾಮಾ" ಎಂದರು. ಬಿಡಾರ ಎದ್ದುಹೋಗಿದೆ ಎಂದು ಆ ಸ್ವಾಹಿಲಿ ಮಾತಿನ ಅರ್ಥ. ನಾಲ್ಕು ದಿನಗಳ ಹಿಂದೆಯೇ ಅದು ಉತ್ತರಕ್ಕೆ ಹೊರಟುಹೋಗಿದ್ದಿತು. ಮನೆಯ ವಿಳಾಸ ಹಿಡಿದು ಬಂದವರಿಗೆ ಮನೆಯೇ ಊರು ಬಿಟ್ಟು ಹೋಗಿದೆಯೆಂದು ಹೇಳಿದರೆ ಹೇಗಾಗಬಹುದೋ ಹಾಗಾಯಿತು ನಮಗೆ.

ವಾಚಕರಿಗೆ ಮೊದಲು ನಮ್ಮ ಪ್ರಯಾಣದ ಉದ್ದೇಶವನ್ನು ಅರಿಕೆಮಾಡಬೇಕು. ನಾವೆಂದರೆ ದಂಪತಿಗಳಿಬ್ಬರು; ಮನೆಯಾಕೆ ಛಾಯಾಚಿತ್ರ ತೆಗೆಯುವವರು, ಮನೆಯಾತ ಮೂಟೆ ಹೊತ್ತು ಟಿಪ್ಪಣಿ ಬರೆಯುವವರು. ಬೆಂಗಳೂರಿನ ಪ್ರವಾಸದ ಕಚೇರಿಯೊಂದು ವೃದ್ಧರೂ ಮಕ್ಕಳೂ ಕೂಡಿದ ಕುಟುಂಬಗಳನ್ನು ಟಾಂಜಾನಿಯಾ ದೇಶದ ಸೆರೆಂಗೆಟಿಗೆ ಕರೆದೊಯ್ಯುವ ಆಲೋಚನೆ ಮಾಡಿತ್ತು. ಅಲ್ಲಿಯ ಸಂಚಾರಿ ಬಿಡಾರಗಳಲ್ಲಿ ಮೂರನ್ನು ಕಣ್ಣಾರೆ ಕಂಡು, ಒಂದೊಂದರಲ್ಲಿಯೂ ತಂಗಿ, ಚಿತ್ರಗಳನ್ನು ತೆಗೆದು, ಯೋಗ್ಯವಾದುದನ್ನು ಆರಿಸಿಕೊಡಬೇಕೆಂದು ಅದು ನಮಗೆ ಹೇಳಿದ್ದಿತು. ನಾವು ಆರಿಸಿದ ಬಿಡಾರಕ್ಕೆ ಒಂದು ಋತುವಿನ ಅನ್ನ, ಬಿಟ್ಟದ್ದಕ್ಕೆ ಅದಿಲ್ಲ. ಹೊರಡುವಾಗ ಈ ಸಂಗತಿ ನಮ್ಮ ಮನಸ್ಸಿಗೆ ಅಷ್ಟಾಗಿ ತಟ್ಟಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಮುಂಬಯಿಯಿಂದ ನೈರೋಬಿ, ಅಲ್ಲಿಂದ ಅರೂಷಾ ಪಟ್ಟಣ, ಅಲ್ಲಿಂದ ಗೊರೊಂಗೊರೊ ಎಂಬ ಆರಿದ ಅಗ್ನಿಪರ್ವತದ ಅಂಚನ್ನು ಹತ್ತಿ ಇಳಿದು ಸೆರೆಂಗೆಟಿ: ಇದು ಬಹುಮಂದಿ ಬಣ್ಣಿಸಿರುವ ದಾರಿಯಾದುದರಿಂದ ಅದನ್ನು ಬಿಟ್ಟುಬಿಡುತ್ತೇವೆ. ಮೊದಲ ಬಿಡಾರವನ್ನು ಸೆರೊನೇರಾ ಎಂಬಲ್ಲಿ ನೋಡಿದೆವು. ಅಚ್ಚುಕಟ್ಟಾದುದು, ಆದರೆ ಸುತ್ತಲೂ ಗಾಡಿಗಳ ಜಾತ್ರೆ. ಎರಡು ರಾತ್ರಿ ಕಳೆದು ಮುಂದೆ ಹೊರಟೆವು. ಹೀಗೆ ಹೊರಟ ದಿನವೇ ಆ ಬರಿಯ ಬಯಲು ನಮ್ಮನ್ನು ಎದುರುಗೊಂಡದ್ದು.

ಬಿಡಾರಗಳು ಹೀಗೆ ಅಲೆಯುವುದೇಕೆಂದರೆ, ಅವು ನೋಡಿಸಬೇಕಾದ ಮೃಗಗಳು ಅಲೆಯುತ್ತವೆ. ವಿಲ್ಡೆಬೀಸ್ಟ್ ಎಂಬ, ಎತ್ತಿನ ತಲೆಯೂ ಕುದುರೆಯ ಬಾಲವೂ ಇರುವ ಒಂದು ಬಗೆಯ ಜಿಂಕೆ ಅಲ್ಲಿ ಸುಮಾರು 13 ಲಕ್ಷವಿದೆ. ಅದರ ಸಂಗಡ ಜೀಬ್ರಾಗಳು ಸುಮಾರು 2 ಲಕ್ಷ. ಸಣ್ಣ ಜಿಂಕೆಗಳು ಬೇರೆ. ಜನವರಿಯಿಂದ ಮಾರ್ಚಿಯವರೆಗೆ ಇವು ದಕ್ಷಿಣದ ಮೋಟುಹುಲ್ಲಿನ ಬಯಲಿನಲ್ಲಿ ಈಯುತ್ತವೆ. ಆ ನೆಲವು ಹಿಂದೆ ಅಗ್ನಿಪರ್ವತಗಳು ಉಗುಳಿದ ಬೂದಿಯಿಂದಾದುದು. ಹುಲ್ಲಿನಲ್ಲಿ ಸುಣ್ಣದ ಅಂಶವೂ ರಂಜಕದ ಅಂಶವೂ ಹೇರಳವಾಗಿ ಇರುವುದರಿಂದ ಹಾಲೂಡುವ ತಾಯಿಗಳಿಗೆ ಅದು ಬಾಣಂತಿಯ ಪಥ್ಯವಿದ್ದಂತೆ. ಬೂದಿಯ ಕೆಳಗೆ ಗಟ್ಟಿಪದರವಿರುವುದರಿಂದ ಮರಗಳು ಅಲ್ಲಿ ಬೇರೂರಲಾರವು. ಆದಕಾರಣ ಕದ್ದು ಬರುವ ಸಿಂಹ ದೂರದಿಂದಲೇ ಕಾಣುತ್ತದೆ. ಮೇ ತಿಂಗಳಿನಲ್ಲಿ ಮಳೆ ಹಿಂಜರಿದು ನೀರು ಬತ್ತುತ್ತಲೇ ಹಿಂಡುಗಳು ಪಶ್ಚಿಮಕ್ಕೂ ಉತ್ತರಕ್ಕೂ ಸಾಗಿ, ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡು ದಡಗಳಲ್ಲಿ ಹಿಂದುಮುಂದಾಗಿ ಸುಳಿದಾಡಿ, ನವಂಬರಿನ ಮಳೆಗೆ ಮತ್ತೆ ದಕ್ಷಿಣಕ್ಕೆ ತಿರುಗುತ್ತವೆ. ಬಿಡಾರದವರು ಇವುಗಳ ಮುಂದೆ ಹೋಗಿ ಕಾಯಬೇಕು. ಹಿಂದೆ ಬಿದ್ದರೆ ಕೆಟ್ಟರು. ಸಫಾರಿ ಎಂಬ ಮಾತಿಗೆ ಸ್ವಾಹಿಲಿಯಲ್ಲಿ ಪ್ರಯಾಣವೆಂದಷ್ಟೇ ಅರ್ಥ. ಈ ಬಿಡಾರಗಳಿಗೆ ಅದು ಅಕ್ಷರಶಃ ಒಪ್ಪುತ್ತದೆ.

ಈ ಹಿಂಡುಗಳ ಕಥೆಯಲ್ಲಿ ನಮ್ಮ ನಾಡಿನ ರೈತರಿಗೆ ಪರಿಚಿತವಾದ ಒಂದು ಹೆಸರು ಬರುತ್ತದೆ. ನಮ್ಮ ಹಿರಿಯರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಪಿಡುಗು 1887ರ ಸುಮಾರಿನಲ್ಲಿ ಆಫ್ರಿಕದ ಪೂರ್ವ ಕರಾವಳಿಗೆ ಇಳಿಯಿತು. ಅದು ಭಾರತದಿಂದ ಸಾಗಿಸಿದ ದನಗಳೊಡನೆ ಬಂದಿತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಮಸಾಯಿ ಜನರ ದನಗಳು ಸತ್ತುವು. ದನಗಳನ್ನೇ ನೆಮ್ಮಿದ್ದ ಜನರೂ ಹಸಿವಿನಿಂದ ಸತ್ತರು. ವಿಲ್ಡೆಬೀಸ್ಟಿನ ಹಿಂಡುಗಳು ನೆಲಕಚ್ಚಿದುವು. ಸುತ್ತಲಿನ ದನಗಳಿಗೆ ಲಸಿಕೆ ಹಾಕುತ್ತ ಹಾಕುತ್ತ, 1963ರ ವೇಳೆಗೆ ಕಾಡಿನ ಹಿಂಡುಗಳಲ್ಲಿಯೂ ರೋಗವು ನಿಂತಿತು. ಯಾರೂ ಕಾಡುಮೃಗಕ್ಕೆ ಸೂಜಿ ಚುಚ್ಚಲಿಲ್ಲವೆಂಬುದನ್ನು ಗಮನಿಸಬೇಕು. 1961ರಲ್ಲಿ ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ವಿಲ್ಡೆಬೀಸ್ಟುಗಳು 1977ರೊಳಗೆ ಹದಿಮೂರು ಲಕ್ಷವನ್ನು ಮುಟ್ಟಿದುವು. 2011ರಲ್ಲಿ ಈ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಇಂದು ಪ್ರವಾಸಿಗರು ಬೆರಗಾಗಿ ನೋಡುವ ಮಹಾಸೈನ್ಯದ ಹಿಂದೆ ದನದ ವೈದ್ಯರ ಒಂದು ಕೈಪೆಟ್ಟಿಗೆ ಇದೆ.

ಬಂದೂಕಿನ ಬದಲಿಗೆ ಕ್ಯಾಮರಾ ಹಿಡಿದು ಈ ಕಾಡನ್ನು ಹೊಕ್ಕವರು ಹೊಸಬರೇನಲ್ಲ. ಶಿಲ್ಲಿಂಗ್ಸ್ ಎಂಬ ಜರ್ಮನಿಯ ಬೇಟೆಗಾರರು ಇರುಳಿನಲ್ಲಿ ಮಿಂಚುಪುಡಿ ಹೊತ್ತಿಸಿ ನೀರಿಗೆ ಬಂದ ಸಿಂಹಗಳ ಚಿತ್ರಗಳನ್ನು ಹಿಡಿದು 1905ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಆದರೂ ಅವರು ಬಂದೂಕನ್ನು ಪೂರ್ತಿ ಕೆಳಗಿಡಲಿಲ್ಲ. ಗ್ರ್ಝಿಮೆಕ್ ಎಂಬ ತಂದೆಮಕ್ಕಳು ಜೀಬ್ರಾದಂತೆ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರಿ ಮೃಗಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ರಣಹದ್ದೊಂದು ಬಡಿದು ವಿಮಾನ ಉರುಳಿ ಮಗ ಮೈಕೇಲ್ ತೀರಿಕೊಂಡನು. ಗೊರೊಂಗೊರೊ ಅಂಚಿನಲ್ಲಿ ಅವನ ಸಮಾಧಿಯಿದೆ. ತಂದೆಯನ್ನೂ ಮುಂದೆ ಅಲ್ಲಿಯೇ ಇರಿಸಿದರು. ಅಲ್ಲಿ ನಾವು ಐದು ನಿಮಿಷ ನಿಂತೆವು. ಚಿತ್ರ ತೆಗೆಯಲು ಕೈ ಬರಲಿಲ್ಲ.

ಉತ್ತರದ ದಾರಿಯಲ್ಲಿ ಎರಡನೆಯ ಬಿಡಾರವು ಸಿಕ್ಕಿತು. ಸಿಕ್ಕಿತೆನ್ನುವುದಕ್ಕಿಂತ ಅದು ನಮ್ಮ ಕಣ್ಣೆದುರಿಗೇ ಹುಟ್ಟಿತೆನ್ನಬೇಕು. ನಾವು ತಲಪಿದಾಗ ಇದ್ದುದು ಎರಡು ಲಾರಿಗಳು, ಒಂದು ನೀರಿನ ಟ್ಯಾಂಕು, ಹನ್ನೆರಡು ಮಂದಿ ಆಳುಗಳು, ಮತ್ತು ತಲೆ ನರೆತ ಒಬ್ಬ ಮೇಸ್ತ್ರಿ. ಎಲ್ಲರೂ ಅವರನ್ನು "ಮ್ಝೇ" ಎಂದು ಕರೆಯುತ್ತಿದ್ದರು. ಹಿರಿಯರೇ ಎಂದು ಕರೆದ ಹಾಗೆ. ಲಾರಿಯಿಂದ ಒಂದು ಗೂಟವನ್ನೂ ಇಳಿಸಗೊಡದೆ ಆ ಹಿರಿಯರು ನೆಲ ನೋಡುತ್ತ ಒಂದು ಗಂಟೆ ತಿರುಗಾಡಿದರು. ನಮ್ಮಲ್ಲಿ ಮನೆ ಕಟ್ಟುವ ಮುನ್ನ ವಾಸ್ತು ನೋಡುವವರಿಗಿಂತ ಅವರ ಶ್ರದ್ಧೆ ಕಡಿಮೆಯದಾಗಿರಲಿಲ್ಲ. ಲದ್ದಿಯನ್ನು ಕೋಲಿನಿಂದ ಬಿಡಿಸಿ ಹೊಸತೋ ಹಳತೋ ನೋಡಿದರು. ಹುಲ್ಲಿನ ನಡುವೆ ನಮಗೆ ಕಾಣದಿದ್ದ ಒಂದು ಸವೆದ ಗೆರೆಯನ್ನು ತೋರಿಸಿ, ಇದು ಆನೆಗಳು ನೀರಿಗೆ ಹೋಗುವ ಓಣಿ, ಇದರ ಮೇಲೆ ಯಾರೂ ಮಲಗಕೂಡದು ಎಂದರು. ಒಂದು ಕಡೆ ಮಣ್ಣನ್ನು ಹಿಸುಕಿ ತಲೆಯಾಡಿಸಿದರು. ಅದು ನಮ್ಮ ಧಾರವಾಡದ ಕಡೆಯಂತಹ ಕರಿಯ ಎರೆಮಣ್ಣು. ಒಂದು ಮಳೆ ಹೊಡೆದರೆ ಲಾರಿಯ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಕಡೆಗೆ ಬಂಡೆಗುಡ್ಡವೊಂದರ ಮಗ್ಗುಲಲ್ಲಿ, ಮರಳುಮಿಶ್ರವಾದ ಏರುನೆಲದಲ್ಲಿ, ಡೇರೆಗಳ ಬಾಗಿಲು ಪೂರ್ವಕ್ಕಿರುವಂತೆ ಗುರುತು ಹಾಕಿದರು.

ನಮ್ಮ ಛಾಯಾಗ್ರಾಹಕಿಗೆ ಆ ಜಾಗ ಹಿಡಿಸಲಿಲ್ಲ. ಇನ್ನೂ ಐವತ್ತು ಗಜ ಮುಂದೆ ಹೋಗಿದ್ದರೆ ಕಣಿವೆಯೆಲ್ಲ ಕಾಣುತ್ತಿದ್ದಿತು. ಅದನ್ನು ಸಾರಥಿಗಳ ಮೂಲಕ ಹೇಳಿಸಲಾಗಿ ಹಿರಿಯರು ನಕ್ಕು, "ಮಾಮಾ, ಕಣಿವೆ ನಿಮಗೆ ಕಂಡರೆ ನೀವೂ ಕಣಿವೆಗೆ ಕಾಣುತ್ತೀರಿ" ಎಂದರು.

ಮೂರು ಗಂಟೆಗಳಲ್ಲಿ ಎಂಟು ಡೇರೆಗಳು ಎದ್ದುವು. ಗಾರೆಯಿಲ್ಲ, ಇಟ್ಟಿಗೆಯಿಲ್ಲ, ಕಂಬ, ಹಗ್ಗ, ಗೂಟ, ಗಟ್ಟಿ ಕ್ಯಾನ್‌ವಾಸು. ನೆಲಕ್ಕೆ ಚಾಪೆ, ಅದರ ಮೇಲೆ ಮಂಚ, ಮಂಚದ ಮೇಲೆ ಮೆತ್ತೆ. ಹಿಂದುಗಡೆ ಸ್ನಾನದ ಮರೆ: ಮೇಲೆ ರಾಟೆಗೆ ಕಟ್ಟಿದ ಒಂದು ತೊಟ್ಟಿ. ಹೇಳಿಕಳುಹಿಸಿದರೆ ಹುಡುಗನೊಬ್ಬ ಬಿಸಿನೀರು ತಂದು ತುಂಬಿ ಹಗ್ಗವೆಳೆಯುತ್ತಾನೆ. ಸುಮಾರು ಇಪ್ಪತ್ತು ಲೀಟರು, ಅಷ್ಟರಲ್ಲಿ ತಲೆಸ್ನಾನ ಮುಗಿಯಬೇಕು. ಹಂಡೆ ತುಂಬ ನೀರು ಸುರಿದುಕೊಳ್ಳುವ ಅಭ್ಯಾಸವಿರುವ ನಮ್ಮವರಿಗೆ ಇದು ಒಂದು ಪಾಠವೇ ಸರಿ. ದೀಪಗಳಿಗೆ ಸೂರ್ಯನ ಶಕ್ತಿ. ಕಸವೆಲ್ಲ ಲಾರಿಯಲ್ಲಿ ಊರಿಗೆ ಮರಳಬೇಕು. ಪ್ಲಾಸ್ಟಿಕ್ ಚೀಲಗಳನ್ನು ಆ ದೇಶವು 2019ರಲ್ಲಿ ನಿಷೇಧಿಸಿದೆ, ಪ್ರವಾಸಿಗರಿಗೂ ವಿನಾಯಿತಿಯಿಲ್ಲ.

ಅಡಿಗೆಯ ವಿಷಯವಾಗಿ ಹೇಳದಿದ್ದರೆ ಗೃಹಿಣಿಯರು ಕ್ಷಮಿಸಲಾರರು. ಬಾಣಸಿಗರು ತಗಡಿನ ಪೆಟ್ಟಿಗೆಯೊಂದರ ಕೆಳಗೆ ಕೆಂಡ, ಮೇಲೆ ಕೆಂಡ ಹರಡಿ ರೊಟ್ಟಿ ಸುಟ್ಟರು, ಬೇಕರಿಯವರು ನಾಚಬೇಕು. ನಾವು ಶಾಕಾಹಾರಿಗಳೆಂದು ತಿಳಿಯುತ್ತಲೇ ಚಪಾತಿ ಲಟ್ಟಿಸಿದರು. ಅಲ್ಲಿಯೂ ಅದರ ಹೆಸರು ಚಪಾತಿಯೇ, ಗಾಡಿ ಅವರ ಬಾಯಿಯಲ್ಲಿ ಗಾರಿ, ಚಹಾ, ಚಾಯ್. ಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ಬಿಳಿಯ ತಂಗಿ (ಅದು ಮುಸುಕಿನ ಜೋಳ, ರಾಗಿಯಲ್ಲ). ಮ್ಚಿಚಾ ಎಂಬ ಪಲ್ಯವನ್ನು ಬಾಯಿಗಿಟ್ಟೊಡನೆ ಗುರುತು ಹತ್ತಿತು: ದಂಟಿನ ಸೊಪ್ಪು! ನಾವು ಕ್ಯಾಮರಾವನ್ನು ಒರಗಿಸಲೆಂದು ಅರೂಷಾದ ಸಂತೆಯಲ್ಲಿ ಚೀಲಕ್ಕೆ ತುಂಬಿಸಿಕೊಂಡಿದ್ದ ಐದು ಸೇರು ಹುರುಳಿಕಾಯಿ ಬೀಜವನ್ನು ನೋಡಿ ಅವರು ಬೆಲೆ ಕೇಳಿದರು. ಕೊನೆಯ ದಿನ ಅದು ಸಾರಾಯಿತು.

ಇನ್ನು ಚಿತ್ರಗಳ ಮಾತು. ಸಮಭಾಜಕವೃತ್ತದ ಬಳಿ ಸಂಜೆಬೆಳಕು ಬಹು ಚಿಕ್ಕದು. ಸೂರ್ಯನು ಮುಳುಗಿದನೆಂದರೆ ಮುಸುಕು ಎಳೆದಂತೆ ಕತ್ತಲೆ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ, ಸಂಜೆ ಐದರಿಂದ ಆರೂವರೆಯವರೆಗೆ ಕೆಲಸ. ನಡುವೆ ಬಿಸಿಲು ಎಲ್ಲವನ್ನೂ ಚಪ್ಪಟೆಮಾಡುತ್ತದೆ. ಧೂಳು ಬಲು ನಯವಾದುದು. ಗಾಡಿಯಲ್ಲಿ ಮಸೂರ ಬದಲಾಯಿಸಿದವರು ಊರಿಗೆ ಬಂದು ಅಳಬೇಕು. ಕಾಡಂಚಿನಲ್ಲಿ ತ್ಸೆತ್ಸೆ ನೊಣಗಳು ನೀಲಿಗೂ ಕಪ್ಪಿಗೂ ಮುತ್ತುತ್ತವೆ. ಒಂದು ಕಡುನೀಲಿ ಶಾಲನ್ನು ಹೊದ್ದ ತಪ್ಪಿಗೆ ನಮಗೆ ಏಳು ಕಡಿತಗಳು. ಆದರೆ ಈ ಕೆಲಸದ ನಿಜವಾದ ಕಷ್ಟ ಬೇರೆ. ಡೇರೆಯೊಳಗನ್ನು ಅಗಲಮಸೂರದಿಂದ ತೆಗೆದರೆ ಹತ್ತು ಅಡಿ ಇಪ್ಪತ್ತು ಅಡಿಯಾಗಿ ಕಾಣುತ್ತದೆ. ಉದ್ದಮಸೂರದಿಂದ ತೆಗೆದರೆ ಅರ್ಧ ಮೈಲಿ ದೂರದ ಆನೆ ಬಾಗಿಲಲ್ಲಿ ನಿಂತ ಹಾಗಿರುತ್ತದೆ. ಸುಳ್ಳು ಹೇಳದೆಯೇ ಸುಳ್ಳಾಡಿಸಬಹುದಾದ ಯಂತ್ರವದು. ಕಚೇರಿಯವರು ನಮ್ಮಿಂದ ಬಯಸಿದ್ದುದೂ ಹೆಚ್ಚು ಕಡಿಮೆ ಅದನ್ನೇ.

ಎದ್ದುಹೋಗಿದ್ದ ಆ ಬಿಡಾರವನ್ನು ಮೂರನೆಯ ದಿನ ಕೊಗಟೆಂಡೆಯ ಹತ್ತಿರ ಹಿಡಿದೆವು. ಮಾರಾ ನದಿಗೆ ಕೂಡುವ ತೊರೆಯೊಂದರ ಮೇಲುದಂಡೆ. ಕೆಳಗೆ ಮಡುವಿನಲ್ಲಿ ನೀರಾನೆಗಳ ಸಂಸಾರ. ಒಂಬತ್ತು ಡೇರೆಗಳು ಮರಗಳ ಮರೆಯಲ್ಲಿದ್ದುವು. ಹತ್ತನೆಯದನ್ನು ಮಾತ್ರ ದಂಡೆಯ ತುದಿಗೆ, ಒಂಟಿಯಾಗಿ ಹಾಕಿದ್ದರು. ಮೇನೇಜರು ಅದನ್ನೇ ನಮಗೆ ಬಿಟ್ಟುಕೊಟ್ಟರು. ಮೊದಲ ಮುಂಜಾನೆ ನಾವು ಅಲ್ಲಿಂದ ತೆಗೆದ ಚಿತ್ರದಲ್ಲಿ ಡೇರೆಯ ಬಾಗಿಲು ತೆರೆದಿದೆ. ಒಳಗೆ ಬಿಳಿಯ ಹಾಸಿಗೆ. ಹೊರಗೆ ಮಂಜಿನಲ್ಲಿ ಹೊಳೆ, ಹೊಳೆಯಾಚೆ ಬೆಟ್ಟಗಳ ಮೇಲೆ ಚಿನ್ನದ ನೀರು ಎರೆದಂತಹ ಬೆಳಕು. ಹತ್ತು ವರ್ಷಗಳಲ್ಲಿ ನಮ್ಮ ಕೈಯಿಂದ ಅಂತಹ ಚಿತ್ರ ಬಂದಿರಲಿಲ್ಲ.

ಬೇಲಿಯಿಲ್ಲದ ಬಿಡಾರದಲ್ಲಿ ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಹೆಜ್ಜೆಯಿಡಕೂಡದೆಂಬ ಕಟ್ಟಳೆಯುಂಟು. ಪಾದರಕ್ಷೆಯನ್ನೂ ಹೊರಗೆ ಬಿಡಬಾರದು, ಕತ್ತೆಕಿರುಬ ಒಯ್ಯುತ್ತದೆ. ಬೇಕಾದರೆ ಸೀಟಿ ಊದಬೇಕು. ಇದನ್ನೆಲ್ಲ ಕೇಳಿ ಸಹಿ ಹಾಕಿದ್ದ ನಾವು, ಎರಡನೆಯ ರಾತ್ರಿ ಒಂಬತ್ತು ಗಂಟೆಗೆ, ಸೀಟಿ ಊದದೆ, ಮುಕ್ಕಾಲಿಯನ್ನೆತ್ತಿಕೊಂಡು ಹೊರಬಿದ್ದೆವು. ಅಮಾವಾಸ್ಯೆಯ ಮಗ್ಗುಲಿನ ಇರುಳು. ನಮ್ಮ ಊರಿನಲ್ಲಿ ದಿಗಂತಕ್ಕೆ ತಗ್ಗಾಗಿ ಕಾಣುವ ತ್ರಿಶಂಕು ನಕ್ಷತ್ರ ಅಲ್ಲಿ ಇನ್ನಷ್ಟು ಮೇಲೇರಿ ಕಾಣುತ್ತಿದ್ದಿತು. ಮೂವತ್ತು ಹೆಜ್ಜೆ ನಡೆದು ದಂಡೆಯ ಅಂಚಿನಲ್ಲಿ ಮುಕ್ಕಾಲಿ ಊರಿದೆವು.

ಎರಡನೆಯ ಚಿತ್ರ ತೆಗೆಯುವಾಗ ಹಿಂದುಗಡೆ ಹುಲ್ಲು ಕೀಳುವ ಸದ್ದು ಕೇಳಿಸಿತು. ಹಿತ್ತಲಿನಲ್ಲಿ ದನ ಮೇಯುವ ಹಾಗೆ, ಅಷ್ಟೇ ನೆಮ್ಮದಿಯ ಸದ್ದು. ಆ ಸಾಮ್ಯದಿಂದಲೇ ಒಂದು ಕ್ಷಣ ಭಯವಾಗಲಿಲ್ಲ. ಬಳಿಕ ಸದ್ದು ನಿಂತಿತು, ಗಾಳಿಯೂದುವಂತಹ ಒಂದು ಉಸಿರು ಬಂದಿತು. ನೀರಾನೆ ಹಗಲೆಲ್ಲ ಮಡುವಿನಲ್ಲಿದ್ದು ಇರುಳಿನಲ್ಲಿ ಮೇಯಲು ಏರುತ್ತದೆ. ಅದಕ್ಕೂ ನೀರಿಗೂ ನಡುವೆ ಯಾರೂ ನಿಲ್ಲಬಾರದು. ನಾವು ನಿಂತಿದ್ದುದು ಸರಿಯಾಗಿ ಅಲ್ಲಿಯೇ. ಕೈಕಾಲು ಆಡಲಿಲ್ಲ. "ಸಿಮಾಮಾ," ನಿಲ್ಲಿ, ಎಂದು ಒಂದು ಪಿಸುದನಿ ಎಡಗಡೆಯಿಂದ ಬಂದಿತು. ಕಾವಲುಗಾರರ ಕೈದೀಪದ ಬೆಳಕು ನೆಲದ ಮೇಲೆ ಮಾತ್ರ ಬಿದ್ದಿತು, ಪ್ರಾಣಿಯ ಕಣ್ಣಿಗಲ್ಲ. ಆತನು ನಮ್ಮ ತೋಳುಗಳನ್ನು ಹಿಡಿದು, ಹೆಜ್ಜೆಗೊಂದು ಹೆಜ್ಜೆಯಾಗಿ ಪಕ್ಕಕ್ಕೆ, ಹುತ್ತವೊಂದರ ಹಿಂದಕ್ಕೆ ಸರಿಸಿದನು. ದಾರಿ ತೆರವಾದೊಡನೆ ಆ ಕರಿಯ ಗುಡ್ಡ ಕದಲಿತು. ನಾವು ನಿಂತಿದ್ದ ಜಾಗದ ಮೇಲೆಯೇ ಹಾದು, ಮುಕ್ಕಾಲಿಯನ್ನು ಮುರಿದು, ದಡಬಡನೆ ನೀರಿಗಿಳಿಯಿತು. ಆತನ ಕೈ ನಮ್ಮ ತೋಳಿನ ಮೇಲೆ ನಡುಗುತ್ತಿದ್ದಿತೆಂದು ಆಗ ತಿಳಿಯಿತು.

ಬೆಳಗಾಗುತ್ತಲೇ ಮೇನೇಜರು ಕ್ಷಮೆ ಕೇಳಲು ಬಂದರು. ಅತಿಥಿಗಳು ಹೊರಬಿದ್ದುದು ಕಾವಲಿನವನಿಗೆ ತಿಳಿಯದಿದ್ದುದು ಮಹಾಪರಾಧ, ಅವನು ಇಂದಿನ ಲಾರಿಯಲ್ಲಿ ಹೊರಡುತ್ತಾನೆ ಎಂದರು. ಹಿಂದೆ ಆತನು ತನ್ನ ಗಂಟನ್ನು ಕಟ್ಟಿಕೊಂಡು ನಿಂತಿದ್ದನು. ಒಂದು ಮಾತನ್ನೂ ಆಡಲಿಲ್ಲ. ನಾವು ಸುಮ್ಮನಿದ್ದಿದ್ದರೆ ನಮ್ಮ ಮರ್ಯಾದೆ ಉಳಿಯುತ್ತಿದ್ದಿತು. ಸೀಟಿ ಊದಲಿಲ್ಲ, ಬೇಕೆಂದೇ ಊದಲಿಲ್ಲ, ಕರೆದರೆ ಬೇಡವೆಂದಾರೆಂಬ ಅಂಜಿಕೆಯಿಂದ ಕದ್ದು ಹೋದೆವು ಎಂದು ಅವರ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಆತನು ಹತ್ತು ಡೇರೆಗಳಿಗೆ ಒಬ್ಬನೇ ಸುತ್ತುತ್ತಿದ್ದನೆಂಬುದನ್ನೂ, ಒಂಟಿ ಡೇರೆಯನ್ನು ನೀರಾನೆಯ ದಾರಿಯಲ್ಲಿ ಹಾಕಿದವನು ಆತನಲ್ಲವೆಂಬುದನ್ನೂ ಬರೆದೆವು. ಮೇನೇಜರಿಗೆ ಈ ಕಡೆಯ ವಾಕ್ಯ ರುಚಿಸಲಿಲ್ಲ. ಬಹಳ ಹೊತ್ತು ಪುಸ್ತಕವನ್ನೇ ನೋಡುತ್ತಿದ್ದು, ಗಂಟನ್ನು ಬಿಚ್ಚಲು ಹೇಳಿದರು.

ಆ ಸಂಜೆ ಕಾವಲುಗಾರರು ಬೆಂಕಿಯ ಬಳಿ ಸಾರಥಿಗಳ ಮೂಲಕ ನಮ್ಮೊಡನೆ ಮಾತನಾಡಿದರು. ಅವರು ಮಸಾಯಿಗಳು. ಅವರ ತಾತಂದಿರು ಸೆರೆಂಗೆಟಿಯ ಮಧ್ಯದ ಮೋರು ಬಂಡೆಗಳ ಹತ್ತಿರ ದನ ಮೇಯಿಸಿದವರು. ಆ ಬಂಡೆಗಳ ಮೇಲೆ ಮಸಾಯಿಗಳು ಬರೆದ ಗುರಾಣಿಗಳ ಚಿತ್ರಗಳನ್ನು ಈಗಲೂ ನೋಡಬಹುದು. 1951ರಲ್ಲಿ ರಾಷ್ಟ್ರೀಯ ವನವಾಗಿ, ಇಂದು 14,763 ಚದರ ಕಿಲೋಮೀಟರು ವಿಸ್ತಾರವಾಗಿರುವ ಈ ನೆಲದಿಂದ ಮಸಾಯಿಗಳನ್ನು 1959ರಲ್ಲಿ ಗೊರೊಂಗೊರೊ ಕಡೆಗೆ ಕಳುಹಿಸಲಾಯಿತು. ಹಿಂಡಿನೊಡನೆ ಅಲೆಯುತ್ತಿದ್ದ ಜನವನ್ನು ಹೊರಡಿಸಿದ ನೆಲದಲ್ಲಿ, ಹಿಂಡಿನೊಡನೆ ಅಲೆಯುವ ಡೇರೆಗಳಿಗೆ ಈಗ ಅಪ್ಪಣೆಯಿದೆ. ಇದನ್ನು ಅವರು ದೂರಾಗಿ ಹೇಳಲಿಲ್ಲ. ಮೋರುವನ್ನು ನೋಡಿದಿರಾ, ನೀರಿತ್ತೇ, ಎಂದಷ್ಟೇ ಕೇಳಿದರು. ಇತ್ತು ಎಂದೆವು.

ಊರಿಗೆ ಬಂದು ವರದಿ ಒಪ್ಪಿಸಿದೆವು. ಮಕ್ಕಳಿರುವ ಕುಟುಂಬಗಳಿಗೆ ಆ ಹಿರಿಯ ಮೇಸ್ತ್ರಿಗಳ ಬಿಡಾರವೇ ಸರಿ, ನೋಟ ಕಡಿಮೆಯಾದರೂ ಚಿಂತೆಯಿಲ್ಲ. ನದಿಯ ಬಿಡಾರವು ದೊಡ್ಡವರಿಗೆ ಮಾತ್ರ, ಅದೂ ಹತ್ತನೆಯ ಡೇರೆಯನ್ನು ಒಳಕ್ಕೆ ತಂದು ಇನ್ನೊಬ್ಬ ಕಾವಲುಗಾರರನ್ನು ಇಟ್ಟ ಮೇಲೆ. ಕಚೇರಿಯವರು ವರದಿಯನ್ನು ಒಪ್ಪಿದರು, ಆದರೆ ಆ ಮುಂಜಾನೆಯ ಚಿತ್ರವನ್ನು ತಮ್ಮ ಪುಸ್ತಿಕೆಯ ಹೊದಿಕೆಗೆ ಬೇಕೆಂದರು. ಯಾರೂ ಮಲಗಬಾರದೆಂದು ನಾವೇ ಬರೆದ ಡೇರೆಯನ್ನು ತೋರಿಸಿ ಜನರನ್ನು ಕರೆಯುವುದು ಹೇಗೆ? ಕೊಡಲಿಲ್ಲ. ಮೂರನೆಯ ಒಂದು ಪಾಲು ಸಂಭಾವನೆ ಕಡಿತವಾಯಿತು. ಮುಕ್ಕಾಲಿಯ ಬೆಲೆಯೂ ಸೇರಿ ಆ ಪ್ರಯಾಣದಿಂದ ನಮಗೆ ಉಳಿದ ಹಣ ಹೇಳಿಕೊಳ್ಳುವಂತಹುದಲ್ಲ.

ಕಾವಲುಗಾರರು ಬೆಂಕಿಯ ಬಳಿ ಕುಳಿತ ಚಿತ್ರವೊಂದನ್ನು ದಪ್ಪ ಕಾಗದದ ಮೇಲೆ ಅಚ್ಚುಮಾಡಿಸಿ ಅರೂಷಾಕ್ಕೆ ಕಳುಹಿಸಿದೆವು. ಸಾರಥಿಗಳು ಅದನ್ನು ಹಿಡಿದುಕೊಂಡು ಮಾರಾ ತೀರಕ್ಕೆ ಹೋಗುವ ವೇಳೆಗೆ ನವಂಬರು ಬಂದು, ಬಿಡಾರ ಕಿತ್ತುಹೋಗಿದ್ದಿತಂತೆ. ಜನವರಿಯಲ್ಲಿ ದಕ್ಷಿಣದ ಬಯಲಿನಲ್ಲಿ ಅದು ಮತ್ತೆ ಸಿಕ್ಕಿತೆಂದೂ, ಡೇರೆಗಳು ಹತ್ತೂ ಒಂದೇ ಸಾಲಿನಲ್ಲಿವೆಯೆಂದೂ, ಚಿತ್ರವನ್ನು ಕೈಗೇ ಕೊಟ್ಟೆನೆಂದೂ ಸಾರಥಿಗಳ ಓಲೆ ಬಂದಿದೆ.